ಐವತ್ತು ಸೆಂಟು ಐವತ್ತು ಗುಂಟೆಯಾದ ಕತೆ

ಬಿಟ್ಟಂಗಾಲದಲ್ಲಿ ನನ್ನದು ನೀರಾವರಿ ಇಲ್ಲದ, ಮಳೆಯನ್ನೇ ನಂಬಿದ ಎರಡು ಎಕರೆ. ಓದಿದ್ದು ಏಳನೇ ಕ್ಲಾಸು. ಇವನ್ಯಾಕೆ ಕಂಪ್ಯೂಟರ್ ವಿಷಯ ಬರೀತಾನೆ ಅಂತ ನಿಮಗೆ ಅನಿಸಬಹುದು. ಕಣ್ಣಾರೆ ಕಂಡದ್ದು, ಅದಕ್ಕೇ ಬರೆಯುತ್ತಿದ್ದೇನೆ.

ಬೆಳೆ ವಿವರ ದಾಖಲಿಸುವ ಒಂದು ಮೊಬೈಲ್ ಆ್ಯಪನ್ನು ಹೋದ ವರ್ಷ ನಮ್ಮಲ್ಲಿ ಕೆಲವರು ಬಳಸಿದೆವು. ಪಕ್ಕದ ಮನೆಯ ಅಕ್ಕ ತಮ್ಮ 50 ಸೆಂಟು ಕಾಫಿಗೆ 50 ಅಂತಲೇ ಒತ್ತಿದರು. ಆ ಖಾನೆ ಇದ್ದದ್ದು ಗುಂಟೆಗೆ. ಎಕರೆಗೆ 100 ಸೆಂಟು, ಅದೇ ಎಕರೆಗೆ 40 ಗುಂಟೆ. ಸೆಂಟನ್ನು ಎರಡೂವರೆಯಿಂದ ಭಾಗಿಸಿದರೆ ಗುಂಟೆ. ಅಕ್ಕ ಒತ್ತಬೇಕಾಗಿದ್ದದ್ದು 20. ಅರ್ಧ ಎಕರೆ ಹೋಗಿ ಒಂದೂಕಾಲು ಎಕರೆ ಆಯ್ತು! ನಾಳೆ ಮಳೆಗೆ ಬೆಳೆ ಹಾಳಾಗಿ ಪರಿಹಾರ ಕೇಳುವಾಗ ಪಹಣಿಗೂ ಇದಕ್ಕೂ ತಾಳೆಯಾಗದಿದ್ದರೆ ಅಲೆಯಬೇಕಾದವರು ಅಕ್ಕನೇ.

“ಅಕ್ಕ, ನೋಡಿ ಒತ್ತಬಾರದಾ?” ಅಂದೆ. “ಹುಟ್ಟಿದಾಗಿಂದ ಸೆಂಟೇ ಕೇಳಿದ್ದು ಮಾರಾಯ” ಅಂದರು. ತಪ್ಪು ಅವರದ್ದಲ್ಲ ಅಂತ ಆಗ ಹೊಳೆಯಿತು.

ಆಮೇಲೆ ಐದು ಮನೆಗೆ ಹೋದೆ. ಅವರು ಆ್ಯಪ್ ಒತ್ತುವಾಗ ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂತೆ. ಬೆರಳು ಎಲ್ಲಿ ನಿಂತಿತೋ ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ. ಸಿಕ್ಕಿದ್ದು ಇಷ್ಟು:

1. ಮೂವರು ಸೆಂಟು-ಗುಂಟೆಯಲ್ಲಿ ಎಡವಿದರು.

2. ಇಬ್ಬರ ಓಟಿಪಿ ಬೆಂಗಳೂರಿನಲ್ಲಿರುವ ಮಗನ ಫೋನಿಗೆ ಹೋಯಿತು.

3. ನಮ್ಮಲ್ಲಿ ಕಾಫಿ, ಮರಕ್ಕೆ ಹಬ್ಬಿದ ಕಾಳುಮೆಣಸು ಎರಡೂ ಒಂದೇ ಜಾಗದಲ್ಲಿ. ಎರಡನ್ನೂ ಹೇಗೆ ತುಂಬಿಸುವುದು ಅಂತ ನಾಲ್ವರು ಕೈ ತಡೆದರು.

ಕೊನೆಗೆ “ಗೊತ್ತಾಯ್ತಾ?” ಅಂತ ಕೇಳಿದರೆ ಐವರೂ “ಹ್ಞೂಂ” ಅಂದರು! ಬಾಯಿ ಹೇಳಿದ್ದು ಒಂದು, ಬೆರಳು ಹೇಳಿದ್ದು ಇನ್ನೊಂದು. ಅದಕ್ಕೇ ಕೇಳಿದರೆ ಸಾಲದು, ಕೂತು ನೋಡಬೇಕು.

ನಮ್ಮ ಕಮ್ಮಾರ ಮಾಡೋದೂ ಇದನ್ನೇ. ಕತ್ತಿ ಕೈಗೆ ಕೂರೋದಿಲ್ಲ ಅಂದ್ರೆ, ಒಮ್ಮೆ ಬೀಸಿ ತೋರಿಸಿ ಅಂತಾನೆ. ನೋಡಿಕೊಂಡು ಹಿಡಿ ಸರಿ ಮಾಡ್ತಾನೆ. ನಮಗೆ ತರಬೇತಿ ಕೊಡೋಕೆ ಹೊರಡೋದಿಲ್ಲ.

ಸರಕಾರದ ಕೆಲಸದಲ್ಲೂ ಇಂಥದ್ದು ಆಗಿದೆ. 2000ದ ಆಸುಪಾಸು ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ನೆನಪಿರಬಹುದು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು. ಅಲ್ಲಿ ರೈತರ ಕಡೆಗೆ ಮುಖ ಮಾಡಿದ ಎರಡನೇ ಪರದೆ ಇಡುವ ಏರ್ಪಾಡಿತ್ತು, ಒಳಗೆ ಕೂತವರು ಏನು ಮಾಡ್ತಾರೆ ಅಂತ ನಮಗೂ ಕಾಣಲಿ ಅಂತ. ಕೌಂಟರಿನ ಈಚೆ ನಿಂತವರ ಬಗ್ಗೆ ಯಾರೋ ಯೋಚಿಸಿದ್ದರು.

ನನ್ನ ಪಟ್ಟಿಯನ್ನು ಆ್ಯಪಿನವರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಹೊಸ ಆ್ಯಪ್ ಬೇಡ, ಇದ್ದದ್ದರಲ್ಲೇ ಸೆಂಟಿಗೊಂದು ಖಾನೆ ಕೊಡಿ, ಗುಂಟೆ ಲೆಕ್ಕ ಅದೇ ಮಾಡಿಕೊಳ್ಳಲಿ ಅಂತ ಬರೆದೆ. ಉತ್ತರ ಬಂದಿಲ್ಲ. ಅಕ್ಕನ ದಾಖಲೆ ಇನ್ನೂ ಒಂದೂಕಾಲು ಎಕರೆಯಲ್ಲೇ ಇದೆ.

ನೀವೂ ನಿಮ್ಮ ಊರಿನಲ್ಲಿ ಒಂದು ದಿನ ಹೀಗೆ ಕೂತು ನೋಡಿ. ಬೆರಳು ಎಲ್ಲಿ ನಿಲ್ಲುತ್ತದೆ ಅಂತ ಬರೆದು ಕಳಿಸಿ. ಒಬ್ಬನ ಕಾಗದ ಮೂಲೆ ಸೇರಬಹುದು, ನೂರು ಜನರದ್ದು ಸೇರಲಿಕ್ಕಿಲ್ಲ.