ಚೀಟಿ ಎತ್ತಿದ ಮೇಲೆ

ಈಜಿಪ್ಟಿನ ಹೊಲವೊಂದರ ಜಮಾಖರ್ಚು ಬರೆದಿದ್ದ ಪಪೈರಸ್ ಸುರುಳಿ ಅದು. ಅದರ ಬೆನ್ನಿಗೆ ಯಾರೋ ಅಥೆನ್ಸಿನ ಆಡಳಿತ ಪದ್ಧತಿಯ ಬಗ್ಗೆ ಅರಿಸ್ಟಾಟಲನ ಹೆಸರಿನಲ್ಲಿದ್ದ ಗ್ರಂಥವನ್ನು ನಕಲು ಮಾಡಿದ್ದರು. 1891ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾದಾಗ ಒಂದು ಪದ ವಿದ್ವಾಂಸರನ್ನು ಕಾಡಿತು: ‘ಕ್ಲೆರೊಟೇರಿಯನ್’. ಚೀಟಿ ಎತ್ತುವ ಕೋಣೆ ಇರಬೇಕು ಎಂದುಕೊಂಡರು. 1930ರ ದಶಕದಲ್ಲಿ ಅಥೆನ್ಸಿನ ಹಳೇ ಪೇಟೆಯನ್ನು ಅಗೆಯುವಾಗ ಸಾಲುಸಾಲು ಸೀಳುಗಳಿದ್ದ ಕಲ್ಲಿನ ತುಂಡುಗಳು ಸಿಕ್ಕವು. ಅಮೆರಿಕದ ವಿದ್ವಾಂಸ ಸ್ಟರ್ಲಿಂಗ್ ಡೌ ಗುರುತು ಹಿಡಿದರು: ಅದು ಕೋಣೆಯಲ್ಲ, ಯಂತ್ರ.

ಪ್ರಜೆಗಳು ತಮ್ಮ ಹೆಸರಿನ ಬಿಲ್ಲೆಯನ್ನು ಸೀಳಿಗೆ ಸಿಕ್ಕಿಸುತ್ತಿದ್ದರು. ಪಕ್ಕದ ಕೊಳವೆಗೆ ಕಪ್ಪು, ಬಿಳಿ ದಾಳಗಳನ್ನು ಸುರಿದು ಒಂದೊಂದಾಗಿ ಕೆಳಗಿಳಿಸುತ್ತಿದ್ದರು. ಬಿಳಿ ಬಿದ್ದರೆ ಆ ಸಾಲಿನವರೆಲ್ಲ ಆ ದಿನದ ನ್ಯಾಯಪೀಠಕ್ಕೆ, ಕಪ್ಪು ಬಿದ್ದರೆ ಮನೆಗೆ. ಹೆಂಗಸರಿಗೂ ಗುಲಾಮರಿಗೂ ಬಿಲ್ಲೆಯೇ ಇರಲಿಲ್ಲ. ಚೀಟಿ ನಮ್ಮ ಕಡೆಗೂ ಹೊಸದಲ್ಲ. ತಮಿಳುನಾಡಿನ ಉತ್ತರಮೇರೂರಿನ ಹತ್ತನೇ ಶತಮಾನದ ಶಾಸನದಲ್ಲಿ ಮಡಕೆಯೊಳಗಿನ ಓಲೆಗಳನ್ನು ಹುಡುಗನೊಬ್ಬ ಎತ್ತಿ ಗ್ರಾಮಸಭೆಯ ಸಮಿತಿಗಳಿಗೆ ಜನರನ್ನು ಆರಿಸುವ ವಿಧಾನವಿದೆ.

ಆದರೆ ಚೀಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ವಿವೇಕ ಬಂದೀತೆ? ಅದಕ್ಕೆ ಉತ್ತರ ಸಿಕ್ಕಿದ್ದು 1970ರ ದಶಕದ ಆರಂಭದಲ್ಲಿ, ಅದೂ ಎರಡು ಕಡೆ ಒಟ್ಟಿಗೇ. ಅಮೆರಿಕದ ಮಿನೆಸೋಟದಲ್ಲಿ ನೆಡ್ ಕ್ರಾಸ್ಬಿ ‘ಸಿಟಿಜನ್ಸ್ ಜ್ಯೂರಿ’ ಕಟ್ಟಿದರು. ಜರ್ಮನಿಯಲ್ಲಿ ಪೀಟರ್ ಡೀನೆಲ್ ‘ಯೋಜನಾ ಕೋಶ’ ಕಟ್ಟಿದರು. ಹೆಚ್ಚುಕಡಿಮೆ ಒಂದೇ ಯೋಚನೆ; ಆದರೆ 1980ರ ದಶಕದವರೆಗೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಡೀನೆಲ್ ಅವರ ಕೋಶದಲ್ಲಿ ಚೀಟಿಯಿಂದ ಬಂದ ಸುಮಾರು 25 ಮಂದಿ. ಕೆಲಸ ಬಿಟ್ಟು ಬಂದದ್ದಕ್ಕೆ ಭತ್ಯೆ ಉಂಟು. ತಜ್ಞರ ಮಾತು ಕೇಳಿದ ಮೇಲೆ ಐದೈದು ಜನರ ಗುಂಪಿನಲ್ಲಿ ಚರ್ಚೆ. ಗುಂಪಿನ ಸದಸ್ಯರು ಪ್ರತಿ ಸುತ್ತಿಗೂ ಅದಲುಬದಲಾಗಬೇಕು. ದೊಡ್ಡ ಗಂಟಲಿನವನು ಒಂದೇ ಗುಂಪನ್ನು ಕೊನೆಯವರೆಗೂ ಆಳುವಂತಿಲ್ಲ. ಸಣ್ಣ ಉಪಾಯ, ಆದರೆ ಹೊಸದಾಗಿ ಸಿಕ್ಕಿದ್ದು ಅದೇ.

ಹವಾಮಾನದ ವಿಷಯದಲ್ಲಿ ಈ ಉಪಾಯದ ದೊಡ್ಡ ಪರೀಕ್ಷೆ ನಡೆದದ್ದು ಫ್ರಾನ್ಸಿನಲ್ಲಿ. 2018ರಲ್ಲಿ ಇಂಧನ ತೆರಿಗೆಯ ವಿರುದ್ಧ ಹಳದಿ ಜಾಕೆಟ್ಟಿನವರು ರಸ್ತೆಗಿಳಿದಿದ್ದರು. ಮೇಲಿನಿಂದ ಹೇರಿದ ಹವಾಮಾನ ನೀತಿಯನ್ನು ಜನ ಒಪ್ಪುವುದಿಲ್ಲವೆಂದು ಸರ್ಕಾರಕ್ಕೆ ಅರಿವಾಯಿತು. ಅದು ಕರೆದ ನಾಗರಿಕರ ಸಭೆಗೆ 2019ರ ಅಕ್ಟೋಬರಿನಲ್ಲಿ 150 ಮಂದಿ ಪ್ಯಾರಿಸ್ಸಿಗೆ ಬಂದರು. ಅವರನ್ನು ಆರಿಸಲು ಈ ಸಲ ಕಲ್ಲಿನ ಬದಲು ಕಂಪ್ಯೂಟರ್ ಹೆಕ್ಕಿದ ಫೋನ್ ನಂಬರುಗಳಿದ್ದವು. ಅವರ ಮುಂದಿದ್ದ ಪ್ರಶ್ನೆ: 1990ಕ್ಕೆ ಹೋಲಿಸಿದರೆ 2030ರೊಳಗೆ ಹಸಿರುಮನೆ ಅನಿಲಗಳನ್ನು ಕನಿಷ್ಠ ಶೇ. 40 ಇಳಿಸುವುದು ಹೇಗೆ, ಅದೂ ಬಡವರ ಮೇಲೆ ಅನ್ಯಾಯದ ಹೊರೆ ಬೀಳದಂತೆ? ವಾರಾಂತ್ಯಗಳಲ್ಲಿ ಕೂತು, ಕೇಳಿ, ಜಗಳವಾಡಿ ಅವರು 2020ರ ಜೂನಿನಲ್ಲಿ 149 ಸಲಹೆಗಳನ್ನು ಕೊಟ್ಟರು.

ಸಲಹೆಗಳನ್ನು ಸೋಸದೆ ಮುಂದಿಡುವುದಾಗಿ ಅಧ್ಯಕ್ಷ ಮ್ಯಾಕ್ರನ್ ಮಾತು ಕೊಟ್ಟಿದ್ದರು. ಮೂರನ್ನು ಬಿಟ್ಟು ಉಳಿದವನ್ನು ಒಪ್ಪಿದೆ ಎಂದರು. ಆಮೇಲೆ ಜರಡಿ ಹೊರಬಂತು. ರೈಲಿನಲ್ಲಿ ನಾಲ್ಕು ಗಂಟೆಯೊಳಗೆ ತಲುಪಬಹುದಾದ ಊರುಗಳಿಗೆ ವಿಮಾನ ಬೇಡ ಎಂದು ಸಭೆ ಹೇಳಿತ್ತು. 2021ರ ಕಾನೂನಿನಲ್ಲಿ ಅದು ಎರಡೂವರೆ ಗಂಟೆಯಾಗಿತ್ತು. ಆ ವರ್ಷದ ಫೆಬ್ರುವರಿಯಲ್ಲಿ, ಕಾನೂನು ಇನ್ನೂ ಸಂಸತ್ತಿನ ಹಾದಿಯಲ್ಲಿದ್ದಾಗಲೇ, ಸಭೆ ಕೊನೆಯ ಬಾರಿ ಸೇರಿತು. ತಮ್ಮ ಸಲಹೆಗಳನ್ನು ಸರ್ಕಾರ ಎಷ್ಟು ಪರಿಗಣಿಸಿತು ಎಂಬುದಕ್ಕೆ ಸದಸ್ಯರೇ ಅಂಕ ಹಾಕಿದರು. ಸರಾಸರಿ ಬಂದದ್ದು ಹತ್ತಕ್ಕೆ 3.3.