ವಾಸಿ ಮಾಡಿದ್ದು ಬರೆಯೋ, ಬಿಡುವೋ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯನ್ನು ನೀವು ಬಲ್ಲಿರಿ. ಬರೆ ಎಮ್ಮೆಗೆ ಬಿತ್ತಲ್ಲಾ ಎಂದು ನಾವು ನಗುತ್ತೇವೆ. ಎತ್ತಿಗೇ ಹಾಕಿದ್ದರೆ ಗುಣವಾಗುತ್ತಿತ್ತೇ ಎಂದು ಕೇಳುವವರು ಕಡಮೆ. ಇಂಗ್ಲೆಂಡಿನಲ್ಲಿ ಕುದುರೆಗಳ ವಿಷಯವಾಗಿ ಈ ಪ್ರಶ್ನೆಯನ್ನು ಕೇಳಿದವರುಂಟು.

ಕುದುರೆಯ ಮುಂಗಾಲಿನಲ್ಲಿ, ಮಂಡಿಯಿಂದ ಕೆಳಗೆ ಹಿಂಬದಿಯಲ್ಲಿ, ಹುರಿಹಗ್ಗದಂತೆ ಇಳಿದಿರುವ ಸ್ನಾಯುರಜ್ಜು ಕೈಗೆ ಸಿಗುತ್ತದೆ. ನಾಗಾಲೋಟದಲ್ಲಿ ಮೈಭಾರಕ್ಕೂ ಮಿಕ್ಕ ಒತ್ತಡ ಒಂದೇ ಕಾಲಿನ ಮೇಲೆ ಬೀಳುವಾಗ ಈ ರಜ್ಜು ಹಿಗ್ಗಿ ಕುಗ್ಗುತ್ತದೆ. ಅದರ ಎಳೆಗಳು ಹರಿದರೆ ಕಾಲು ಬಿಸಿಯೇರಿ ಬಾತುಕೊಳ್ಳುತ್ತದೆ, ಕುದುರೆ ಕುಂಟುತ್ತದೆ. ಅಲ್ಲಿ ರಕ್ತದ ಹರಿವು ಅಲ್ಪ. ಆದ್ದರಿಂದ ಮಾಯುವುದು ನಿಧಾನ. ಒಂಬತ್ತು ತಿಂಗಳೋ ಒಂದು ವರ್ಷವೋ ಬೇಕು. ಮಾದ ಭಾಗಕ್ಕೂ ಮೊದಲಿನ ಬಳುಕು ಬರುವುದಿಲ್ಲ.

ಇದಕ್ಕೆ ಶತಮಾನಗಳಿಂದ ನಡೆದುಬಂದ ಚಿಕಿತ್ಸೆ ಕಾಯಿಸಿದ ಕಬ್ಬಿಣ. ಚರ್ಮವನ್ನು ಗೆರೆಗೆರೆಯಾಗಿ ಸುಡುವುದು ಒಂದು ಬಗೆ. ಮೊನಚಾದ ಕಂಬಿಯಿಂದ ಚುಚ್ಚಿ ಸುಡುವುದು ಇನ್ನೊಂದು. ಹೊಸ ಉರಿ ಎಬ್ಬಿಸಿದರೆ ರಕ್ತ ಹೆಚ್ಚಾಗಿ ಹರಿದು ಹಳೆಯ ಪೆಟ್ಟು ಮಾಯುವುದೆಂದೂ, ಸುಟ್ಟ ಚರ್ಮವು ಪಟ್ಟಿಯಂತೆ ಕಾಲನ್ನು ಬಿಗಿಹಿಡಿಯುವುದೆಂದೂ ವಾದ.

ಬರೆ ಹಾಕಿಸಿಕೊಂಡ ಎಷ್ಟೋ ಕುದುರೆಗಳು ಮತ್ತೆ ಓಡಿದವು ನಿಜ. ಅನುಭವಸ್ಥರು ಸುಳ್ಳು ಹೇಳಲಿಲ್ಲ. ಆದರೆ ಬರೆ ಹಾಕಿದ ಮೇಲೆ ತಿಂಗಳುಗಟ್ಟಲೆ ಬಿಡುವು ಕೊಡಲೇಬೇಕಾಗಿತ್ತು. ಹಾಗಾದರೆ ವಾಸಿ ಮಾಡಿದ್ದು ಕಬ್ಬಿಣವೋ, ಬಿಡುವೋ? ಬರೆ ಹಾಕಿದ ಕುದುರೆಗಳನ್ನಷ್ಟೇ ನೋಡುತ್ತಿದ್ದರೆ ನೂರು ವರ್ಷವಾದರೂ ಇದು ತಿಳಿಯದು. ಬರೆ ಹಾಕದೆ ಬಿಡುವು ಮಾತ್ರ ಕೊಟ್ಟವನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಇಯಾನ್ ಸಿಲ್ವರ್ ಮತ್ತು ಅವರ ಸಂಗಡಿಗರು ಈ ಹೋಲಿಕೆಯನ್ನೇ ಮಾಡಿ, 1983ರಲ್ಲಿ ಫಲವನ್ನು ಪ್ರಕಟಿಸಿದರು. ಬರೆಯಿಂದ ರಜ್ಜು ಹೆಚ್ಚು ಚೆನ್ನಾಗಿ ಮಾಯಲಿಲ್ಲ. ಪಟ್ಟಿಯಾಗಬೇಕಿದ್ದ ಚರ್ಮ ಮೊದಲಿಗಿಂತ ತೆಳುವಾಗಿ ಬಲಗುಂದಿತ್ತು. ಕುದುರೆ ತಿಂದ ನೋವು ಮಾತ್ರ ಉಳಿಯಿತು. ಹಳೆಯ ಪದ್ಧತಿಯ ಪರವಾಗಿ ವಾದಿಸಿದವರು ಆಮೇಲೂ ಇದ್ದರು. ಆದರೆ 1991ರಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಸಂಸ್ಥೆ ಈ ಚಿಕಿತ್ಸೆಗೆ ಸಮರ್ಥನೆಯಿಲ್ಲವೆಂದು ಸಾರಿತು.

ಈಗ ಪೆಟ್ಟಾದೊಡನೆ ತಣ್ಣೀರು ಅಥವಾ ಮಂಜುಗಡ್ಡೆ, ಬಟ್ಟೆಪಟ್ಟಿ, ವಿಶ್ರಾಂತಿ; ಆಮೇಲೆ ಅಲ್ಟ್ರಾಸೌಂಡ್ ಯಂತ್ರದಿಂದ ರಜ್ಜಿನ ಸ್ಥಿತಿಯನ್ನು ನೋಡಿನೋಡಿ ಸ್ವಲ್ಪಸ್ವಲ್ಪವಾಗಿ ನಡಿಗೆ ಹೆಚ್ಚಿಸುವುದು. ಸ್ಟೆಮ್ ಸೆಲ್ ಮೊದಲಾದ ಹೊಸ ಚಿಕಿತ್ಸೆಗಳೂ ಬಂದಿವೆ. ಹೊಸದೆಂಬ ಕಾರಣಕ್ಕೆ ಅವಕ್ಕೆ ವಿನಾಯಿತಿಯಿಲ್ಲ. ಅವನ್ನೂ ಇದೇ ಒರೆಗಲ್ಲಿಗೆ ತಿಕ್ಕಬೇಕು.

ನಿಮ್ಮ ಮನೆಯಲ್ಲಿ ಕುದುರೆ ಇರಲಿಕ್ಕಿಲ್ಲ. ಹಸುವೋ ನಾಯಿಯೋ ಇದ್ದೀತು. ಇಂಥ ಮದ್ದಿನಿಂದ ಗುಣವಾಯಿತೆಂದು ಯಾರಾದರೂ ಹೇಳಿದಾಗ, ಆ ಮದ್ದನ್ನು ಕೊಡದೆ ಬಿಟ್ಟವುಗಳ ಗತಿ ಏನಾಯಿತೆಂದು ವಿನಯದಿಂದಲೇ ಕೇಳಿ. ಪಶುವೈದ್ಯರು ಈ ಪ್ರಶ್ನೆಗೆ ಬೇಸರಪಡಲಾರರು. ನೋವು ತಿನ್ನುವ ಪ್ರಾಣಿಗೆ ಕೇಳಲು ಬಾಯಿಲ್ಲ. ಅದರ ಪರವಾಗಿ ನೀವೇ ಕೇಳಬೇಕು.