ಸಂಶಯಕ್ಕೊಂದು ಮುಖ: ವಿಲಿಯಂ ಪೀಟರ್ ಬ್ಲ್ಯಾಟಿ ಕಂಡ ಅಲೌಕಿಕ ಸಿನಿಮಾ

ಅಲೌಕಿಕ ಸಿನಿಮಾ, ಅಂದರೆ ದೆವ್ವ, ಆವೇಶ, ಸಾವಿನಾಚೆಯ ಬದುಕು ಮೊದಲಾಗಿ ಪ್ರಕೃತಿನಿಯಮಕ್ಕೆ ನಿಲುಕದ ಸಂಗತಿಗಳನ್ನೇ ವಸ್ತುವಾಗಿಸಿಕೊಂಡ ಚಿತ್ರ, ನೋಡುವವರನ್ನು ಬೆಚ್ಚಿಬೀಳಿಸಿ ಹಣ ಮಾಡುವುದಕ್ಕಷ್ಟೇ ಹುಟ್ಟಿದ್ದೆಂಬ ಅಭಿಪ್ರಾಯ ಬಹುಕಾಲದಿಂದ ಬೇರೂರಿದೆ. ಈ ಪ್ರಕಾರದ ಅತ್ಯಂತ ಹೆಸರಾದ ಚಿತ್ರಗಳಲ್ಲೊಂದಾದ ‘ದಿ ಎಕ್ಸಾರ್ಸಿಸ್ಟ್’ (1973) ಚಿತ್ರದ ಮೂಲ ಕಾದಂಬರಿಯನ್ನೂ ಚಿತ್ರಕಥೆಯನ್ನೂ ಬರೆದು, ನಿರ್ಮಾಪಕನ ಹೊಣೆಯನ್ನೂ ಹೊತ್ತಿದ್ದ ಅಮೆರಿಕದ ವಿಲಿಯಂ ಪೀಟರ್ ಬ್ಲ್ಯಾಟಿ (1928–2017) ಮಾತ್ರ, ಯಾರನ್ನೂ ಹೆದರಿಸುವುದು ತಮ್ಮ ಉದ್ದೇಶವಾಗಿರಲಿಲ್ಲವೆಂದು ಕೊನೆಯವರೆಗೂ ಹೇಳಿಕೊಂಡೇ ಬಂದರು. ಅವರ ತರ್ಕ ನೇರವಾದದ್ದು: ಮನುಷ್ಯನ ಆಚೆಗೆ ಬುದ್ಧಿಯುಳ್ಳ ಕೇಡೊಂದು ನಿಜವಾಗಿಯೂ ಇದೆಯೆಂದಾದರೆ, ಅದಕ್ಕೆ ಎದುರಾದ ಒಳಿತೂ ಇರಲೇಬೇಕು, ದೇವರೂ ಇರಲೇಬೇಕು. ದೆವ್ವದ ಕಥೆ ಅವರ ಪಾಲಿಗೆ ಆಸ್ತಿಕತೆಯ ಪರವಾಗಿ ಹೂಡಿದ ವಾದವಾಗಿತ್ತು. ಆ ವಾದವನ್ನು ಪರದೆಯ ಮೇಲೆ ಗೆಲ್ಲಿಸುವ ಅಥವಾ ಸೋಲಿಸುವ ಶಕ್ತಿ ಯಂತ್ರಚಮತ್ಕಾರಗಳಿಗಿಂತ ಪಾತ್ರಧಾರಿಗಳ ಆಯ್ಕೆಯಲ್ಲಿದೆ ಎಂಬುದನ್ನು ಅವರ ಚಿತ್ರಗಳ ಚರಿತ್ರೆಯೇ ತೋರಿಸುತ್ತದೆ.

ಬ್ಲ್ಯಾಟಿ ಲೆಬನಾನಿನಿಂದ ನ್ಯೂಯಾರ್ಕಿಗೆ ವಲಸೆ ಬಂದ ಬಡ ಕುಟುಂಬದ ಮಗ. ತಂದೆ ಮನೆ ಬಿಟ್ಟುಹೋದ ಮೇಲೆ, ದೈವಭಕ್ತೆಯಾದ ತಾಯಿ ಮನೆಯಲ್ಲೇ ಕಾಯಿಸಿದ ಕ್ವಿನ್ಸ್ ಹಣ್ಣಿನ ಜೆಲ್ಲಿಯನ್ನು ಬೀದಿಯಲ್ಲಿ ಮಾರಿ ಮಕ್ಕಳನ್ನು ಸಾಕಿದಳು. ಬಾಡಿಗೆ ಕಟ್ಟಲಾಗದೆ ಮನೆಯಿಂದ ಮನೆಗೆ ಎತ್ತಂಗಡಿಯಾಗುವುದು ಆ ಬಾಲ್ಯದ ಮಾಮೂಲಿ ಸಂಗತಿಯಾಗಿತ್ತು. ಹುಡುಗನ ಓದು ನಡೆದದ್ದು ಜೆಸ್ಯೂಟರ, ಅಂದರೆ 16ನೇ ಶತಮಾನದಲ್ಲಿ ಇಗ್ನೇಷಿಯಸ್ ಲೊಯೋಲಾ ಸ್ಥಾಪಿಸಿದ, ವಿದ್ಯಾದಾನಕ್ಕೆ ಹೆಸರಾದ ಕ್ಯಾಥೊಲಿಕ್ ಸನ್ಯಾಸಿ ಸಂಘದವರ ಶಾಲೆಯಲ್ಲಿ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಬಲ್ಲ ಕನ್ನಡಿಗರಿಗೆ ಈ ಸಂಘದ ಪರಿಚಯ ಹೊಸದೇನಲ್ಲ. ಮುಂದೆ ವಿದ್ಯಾರ್ಥಿವೇತನದ ಬಲದಿಂದ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಸೇರಿದ ಅವರು, ಮೇರಿಲ್ಯಾಂಡ್ ಪ್ರಾಂತ್ಯದ ಹದಿನಾಲ್ಕರ ಹುಡುಗನೊಬ್ಬನಿಗೆ ಪಾದ್ರಿಗಳು ಭೂತೋಚ್ಚಾಟನೆ ನಡೆಸಿದ್ದರೆಂಬ ಸುದ್ದಿಯನ್ನು 1949ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಓದಿದರು. ಭೂತೋಚ್ಚಾಟನೆಯೆಂದರೆ ಇಲ್ಲಿ ಮಂತ್ರವಾದಿಯ ಕೈಚಳಕವಲ್ಲ. ಬಿಷಪ್ಪರ ಅನುಮತಿ ಪಡೆದು, ವೈದ್ಯಕೀಯ ಕಾರಣಗಳನ್ನೆಲ್ಲ ತಳ್ಳಿಹಾಕಿದ ಮೇಲಷ್ಟೇ ಕೈಗೊಳ್ಳಬೇಕಾದ, ಚರ್ಚಿನ ವಿಧಿಗ್ರಂಥದಲ್ಲಿ ಗೊತ್ತುಪಡಿಸಿದ ಪ್ರಾರ್ಥನಾಕ್ರಮ. ಆ ಸುದ್ದಿ ಮನಸ್ಸಿನಲ್ಲಿ ಎರಡು ದಶಕ ಕುಳಿತಿತ್ತು. ನಡುವೆ ಬ್ಲ್ಯಾಟಿ ಹಾಲಿವುಡ್ಡಿನಲ್ಲಿ ಹೆಸರು ಮಾಡಿದ್ದು ‘ಎ ಶಾಟ್ ಇನ್ ದ ಡಾರ್ಕ್’ನಂಥ (1964) ನಗೆಚಿತ್ರಗಳ ಬರಹಗಾರರಾಗಿ ಎಂಬುದು ವಿಚಿತ್ರವೆನಿಸಿದರೂ, ಅವರ ಸಂಭಾಷಣೆಯ ಚುರುಕಿಗೆ ಮೂಲ ಅಲ್ಲಿಯೇ ಇದೆ.

1971ರಲ್ಲಿ ಬಂದ ಕಾದಂಬರಿಯಲ್ಲಿ ದೆವ್ವ ಮೆಟ್ಟಿಕೊಂಡ ಬಾಲಕಿ ರೀಗನ್ ಇದ್ದಾಳೆ, ಚಿತ್ರನಟಿಯಾದ ಅವಳ ತಾಯಿ ಕ್ರಿಸ್ ಇದ್ದಾಳೆ, ಭೂತೋಚ್ಚಾಟನೆಗೆ ಬರುವ ವೃದ್ಧ ಪಾದ್ರಿ ಮೆರಿನ್ ಇದ್ದಾನೆ. ಆದರೆ ಕಥೆಯ ಭಾರವನ್ನೆಲ್ಲ ಹೊತ್ತವನು ಮನೋವೈದ್ಯನೂ ಜೆಸ್ಯೂಟ್ ಪಾದ್ರಿಯೂ ಆದ ಡೇಮಿಯನ್ ಕ್ಯಾರಸ್. ಮುದಿ ತಾಯಿಯನ್ನು ನ್ಯೂಯಾರ್ಕಿನ ಬಡ ಕೋಣೆಯಲ್ಲಿ ಒಂಟಿಯಾಗಿ ಸಾಯಲು ಬಿಟ್ಟೆನೆಂಬ ಅಪರಾಧಪ್ರಜ್ಞೆ ಒಂದು ಕಡೆ, ನಂಬಿಕೆಯೇ ಸೋರಿಹೋಗುತ್ತಿದೆಯೆಂಬ ದಿಗಿಲು ಇನ್ನೊಂದು ಕಡೆ ಅವನನ್ನು ಹಿಂಡುತ್ತಿರುತ್ತವೆ. ಬ್ಲ್ಯಾಟಿಯವರ ತಾಯಿ ತೀರಿಕೊಂಡದ್ದು 1967ರಲ್ಲಿ ಎಂಬುದನ್ನು ನೆನೆದರೆ ಈ ದುಃಖದ ತೂಕ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ದೆವ್ವವನ್ನು ನಂಬದ ಪಾದ್ರಿಯೇ ದೆವ್ವದ ಎದುರು ನಿಲ್ಲಬೇಕಾಗಿ ಬರುವುದು ಕಾದಂಬರಿಯ ಜೀವ. ಆದ್ದರಿಂದ ಚಿತ್ರಕ್ಕೆ ಬೇಕಾಗಿದ್ದ ಮುಖ್ಯ ಮುಖ ದೆವ್ವದ್ದಲ್ಲ, ಸಂಶಯದ್ದು.

ಹಕ್ಕು ಕೊಂಡ ವಾರ್ನರ್ ಬ್ರದರ್ಸ್ ಸಂಸ್ಥೆ ಬೇರೊಬ್ಬ ನಿರ್ದೇಶಕನನ್ನು ಗೊತ್ತುಮಾಡಿದ್ದರೂ, ‘ದ ಫ್ರೆಂಚ್ ಕನೆಕ್ಷನ್’ (1971) ಚಿತ್ರದ ವಿಲಿಯಂ ಫ್ರೀಡ್ಕಿನ್ ಅವರೇ ಆಗಬೇಕೆಂದು ಬ್ಲ್ಯಾಟಿ ಪಟ್ಟುಹಿಡಿದು ಗೆದ್ದರು. ಸಾಕ್ಷ್ಯಚಿತ್ರದ ಒರಟು ನಿಜವನ್ನು ಕಥಾಚಿತ್ರಕ್ಕೆ ತರಬಲ್ಲ ನಿರ್ದೇಶಕ ಸಿಕ್ಕರೆ ಅಲೌಕಿಕವೂ ನಂಬುವಂತಾಗುತ್ತದೆ ಎಂಬುದು ಅವರ ಎಣಿಕೆ. ಕ್ಯಾಥೊಲಿಕ್ ಕಾದಂಬರಿಕಾರ ಯೆಹೂದಿ ಮನೆತನದ ನಿರ್ದೇಶಕನನ್ನು ಆರಿಸಿಕೊಂಡದ್ದು ಈ ದೃಷ್ಟಿಯಿಂದ ಅರ್ಥಪೂರ್ಣ. ಪಾತ್ರಗಳ ಆಯ್ಕೆಯಲ್ಲಿ ಇಬ್ಬರ ಅಭಿಪ್ರಾಯ ಎಲ್ಲೆಡೆಯೂ ಕೂಡಿಬರಲಿಲ್ಲ. ನಟಿ ಶರ್ಲಿ ಮ್ಯಾಕ್ಲೇನ್ ಅವರನ್ನು ಕಣ್ಣಮುಂದಿಟ್ಟುಕೊಂಡು ಕ್ರಿಸ್ ಪಾತ್ರವನ್ನು ಬರೆಯಲಾಗಿತ್ತಾದರೂ ಅದು ಕೊನೆಗೆ ಎಲೆನ್ ಬರ್ಸ್ಟಿನ್ ಪಾಲಾಯಿತು. ಮೆರಿನ್ ಪಾತ್ರಕ್ಕೆ ಸಂಸ್ಥೆಯವರು ಮಾರ್ಲನ್ ಬ್ರಾಂಡೋ ಹೆಸರನ್ನು ಮುಂದಿಟ್ಟಾಗ, ಹಾಗಾದರೆ ಅದು ಬ್ರಾಂಡೋ ಚಿತ್ರವಾದೀತೆಂದು ಫ್ರೀಡ್ಕಿನ್ ತಳ್ಳಿಹಾಕಿದರು. ಬದಲಿಗೆ ಬಂದ ಸ್ವೀಡನ್ನಿನ ಮ್ಯಾಕ್ಸ್ ಫಾನ್ ಸಿಡೋ ಆಗ ನಲವತ್ತರ ಹರೆಯದಲ್ಲಿದ್ದರು, ಡಿಕ್ ಸ್ಮಿತ್ ಎಂಬ ಪ್ರಸಾಧನ ಕಲಾವಿದ ಅವರನ್ನು ಮುದುಕನನ್ನಾಗಿಸಿದರು. ಇದೇ ನಟ ಹಿಂದೆ ‘ದ ಗ್ರೇಟೆಸ್ಟ್ ಸ್ಟೋರಿ ಎವರ್ ಟೋಲ್ಡ್’ (1965) ಚಿತ್ರದಲ್ಲಿ ಯೇಸುವಾಗಿದ್ದವರು.

ಕ್ಯಾರಸ್ ಪಾತ್ರದ ಕಥೆ ಇನ್ನೂ ಸ್ವಾರಸ್ಯದ್ದು. ಅದಕ್ಕೆ ನುರಿತ ರಂಗನಟ ಸ್ಟೇಸಿ ಕೀಚ್ ಅವರೊಂದಿಗೆ ಒಪ್ಪಂದವೇ ಆಗಿತ್ತು. ಅಷ್ಟರಲ್ಲಿ ಫ್ರೀಡ್ಕಿನ್ ನ್ಯೂಯಾರ್ಕಿನಲ್ಲಿ ‘ದಟ್ ಚಾಂಪಿಯನ್‌ಷಿಪ್ ಸೀಸನ್’ ನಾಟಕವನ್ನು ನೋಡಿ, ಅದರ ಕರ್ತೃ ಜೇಸನ್ ಮಿಲ್ಲರ್ ಅವರನ್ನು ಭೇಟಿಯಾದರು. ಮಿಲ್ಲರ್ ಅದುವರೆಗೆ ಯಾವ ಚಿತ್ರದಲ್ಲೂ ನಟಿಸಿದವರಲ್ಲ. ಆದರೆ ಜೆಸ್ಯೂಟರ ವಿಶ್ವವಿದ್ಯಾಲಯದಲ್ಲಿ ಓದಿ, ಕ್ಯಾಥೊಲಿಕ್ ಬದುಕಿನ ಒಳಸುಳಿಗಳನ್ನು ತಿಂದುಂಡವರು. ಕ್ಯಾಮೆರಾ ಪರೀಕ್ಷೆಯ ತುಣುಕು ಕಂಡ ಮೇಲೆ ಕೀಚ್ ಅವರಿಗೆ ಸಂಭಾವನೆ ಕೊಟ್ಟು ಕಳುಹಿಸಲಾಯಿತು. ಗುಳಿಬಿದ್ದ ಕಣ್ಣು, ನಿದ್ದೆಗೆಟ್ಟ ಮುಖ, ಬಾಕ್ಸಿಂಗ್ ಪಟುವಿನ ಭುಜ, ಅದರ ಮೇಲೆ ಸೋತವನ ನಡಿಗೆ: ಮಿಲ್ಲರ್ ಬಾಯಿ ತೆರೆಯುವ ಮೊದಲೇ ಕ್ಯಾರಸ್‌ನ ಸಂಕಟ ನೋಡುಗನಿಗೆ ಗೊತ್ತಾಗಿರುತ್ತದೆ. ಅವನ ತಾಯಿಯಾಗಿ ನಟಿಸಿದವರೂ ವೃತ್ತಿನಟಿಯಲ್ಲ. ವಸಿಲಿಕಿ ಮಲಿಯಾರೋಸ್ ಎಂಬ ಆ ಗ್ರೀಕ್ ವೃದ್ಧೆಯನ್ನು ಫ್ರೀಡ್ಕಿನ್ ಕಂಡದ್ದು ಒಂದು ಗ್ರೀಕ್ ಹೋಟೆಲಿನಲ್ಲಿ. ಕ್ಯಾರಸ್‌ನ ಗೆಳೆಯ ಫಾದರ್ ಡಯರ್ ಆಗಿ ಬಂದವರು ವಿಲಿಯಂ ಓಮ್ಯಾಲಿ, ನಿಜಜೀವನದಲ್ಲೂ ಜೆಸ್ಯೂಟ್ ಪಾದ್ರಿ. ಜಾರ್ಜ್‌ಟೌನಿನ ಕಡಿದಾದ ಮೆಟ್ಟಿಲುಗಳ ಬುಡದಲ್ಲಿ, ರಕ್ತದ ಮಡುವಿನಲ್ಲಿ ಬಿದ್ದ ಕ್ಯಾರಸ್‌ಗೆ ಡಯರ್ ಪಾಪವಿಮೋಚನೆಯ ಸಂಸ್ಕಾರ ನೀಡುವ ದೃಶ್ಯ ಎಷ್ಟು ಸಲ ತೆಗೆದರೂ ಸರಿಬರದಿದ್ದಾಗ, ಫ್ರೀಡ್ಕಿನ್ ಆ ಪಾದ್ರಿಯ ಕೆನ್ನೆಗೆ ಬಾರಿಸಿ ತಕ್ಷಣ ಕ್ಯಾಮೆರಾ ಓಡಿಸಿದರು. ಪರದೆಯ ಮೇಲೆ ನಡುಗುವ ಆ ಕೈ ನಟನೆಯದಲ್ಲ. ಕಲೆಯ ಹೆಸರಿನಲ್ಲಿ ಇದನ್ನು ಮೆಚ್ಚಬೇಕೆಂದೇನೂ ಇಲ್ಲ.

ಇದಕ್ಕೆ ಹೋಲಿಸಿದರೆ ದೆವ್ವ ತುಂಡುತುಂಡಾಗಿ ಜೋಡಿಸಿದ್ದು. ದೇಹ ಬಾಲನಟಿ ಲಿಂಡಾ ಬ್ಲೇರ್ ಅವರದು. ಕ್ಷಣಮಾತ್ರ ಮಿಂಚಿ ಮಾಯವಾಗುವ ಬಿಳಿಚಿದ ಮುಖ ಐಲೀನ್ ಡೀಟ್ಸ್ ಅವರದು. ಧ್ವನಿ ಹಿರಿಯ ನಟಿ ಮರ್ಸಿಡೀಸ್ ಮೆಕೇಂಬ್ರಿಜ್ ಅವರದು. ಅವರು ಹಸಿ ಮೊಟ್ಟೆ ನುಂಗಿ, ಸಿಗರೇಟು ಸೇದಿ ಕಂಠವನ್ನು ಒಡೆದುಕೊಂಡರೂ, ಚಿತ್ರದ ಕಲಾವಿದರ ಪಟ್ಟಿಯಲ್ಲಿ ಹೆಸರು ಬಾರದ ಕಾರಣ ತಕರಾರು ಎತ್ತಬೇಕಾಯಿತು. ಕೇಡನ್ನು ಹೀಗೆ ಹಲವರಿಂದ ಕಡ ತಂದು ಕಟ್ಟಬಹುದು, ಸಂಶಯವನ್ನು ಹಾಗೆ ಕಟ್ಟಲಾಗದು. ಅದಕ್ಕೆ ಒಬ್ಬನೇ ಮನುಷ್ಯ, ಅವನ ಒಂದೇ ಮುಖ ಬೇಕು. ಜನ ಮಾತಾಡಿಕೊಂಡದ್ದು ತಿರುಗುವ ತಲೆಯ ಬಗ್ಗೆ, ಹಸಿರು ವಾಂತಿಯ ಬಗ್ಗೆ. ಆದರೂ ಅದೇ ಬಗೆಯ ತಂತ್ರಗಳನ್ನು ಬಳಸಿದ ನೂರಾರು ಅನುಕರಣೆಗಳು ಮರೆತುಹೋಗಿ ಈ ಚಿತ್ರ ಉಳಿದಿದ್ದರೆ ಅದಕ್ಕೆ ಮಿಲ್ಲರ್ ಅವರ ಮುಖವೇ ದೊಡ್ಡ ಕಾರಣ.

ಚಿತ್ರ ಹತ್ತು ಆಸ್ಕರ್ ನಾಮನಿರ್ದೇಶನ ಪಡೆದು ಎರಡನ್ನು ಗೆದ್ದಿತು. ಅವುಗಳಲ್ಲೊಂದು ಕೃತಿಯಾಧಾರಿತ ಚಿತ್ರಕಥೆಗಾಗಿ ಬ್ಲ್ಯಾಟಿಯವರಿಗೆ ಸಂದಿತು. ಗೆಲುವಿನ ನಡುವೆಯೂ ಅವರಿಗೊಂದು ಕೊರಗಿತ್ತು. ಭೂತೋಚ್ಚಾಟನೆಯ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕುಳಿತ ಕ್ಯಾರಸ್, ಈ ಮಗುವಿಗೇ ಯಾಕೆ ಹೀಗಾಯಿತೆಂದು ಕೇಳುತ್ತಾನೆ. ದೆವ್ವದ ಗುರಿ ಮಗುವಲ್ಲ, ನೋಡುತ್ತ ನಿಂತ ನಾವು, ಮನುಷ್ಯರು ಬರೀ ಹೇಸಿಗೆಯ ಪ್ರಾಣಿಗಳು, ದೇವರ ಪ್ರೀತಿಗೆ ಅನರ್ಹರು ಎಂದು ನಮ್ಮನ್ನು ನಂಬಿಸುವುದೇ ಅದರ ಹಂಚಿಕೆ ಎಂಬರ್ಥದಲ್ಲಿ ಮೆರಿನ್ ಉತ್ತರಿಸುತ್ತಾನೆ. ಬ್ಲ್ಯಾಟಿಯವರ ಪಾಲಿಗೆ ಇದೇ ಚಿತ್ರದ ತಿರುಳು, ಫ್ರೀಡ್ಕಿನ್ ಪಾಲಿಗೆ ಉಪದೇಶ. ಆ ಮಾತುಕತೆ ಕತ್ತರಿಗೆ ಸಿಕ್ಕಿತು. ದೆವ್ವವನ್ನು ತನ್ನೊಳಗೆ ಸೆಳೆದುಕೊಂಡು ಮಗುವನ್ನು ಉಳಿಸಲು ಕ್ಯಾರಸ್ ಕಿಟಕಿಯಿಂದ ಹಾರುತ್ತಾನೆ ಎಂಬುದನ್ನು ಅನೇಕ ಪ್ರೇಕ್ಷಕರು ದೆವ್ವವೇ ಗೆದ್ದಿತೆಂದು ಓದಿಕೊಂಡದ್ದು ಲೇಖಕರನ್ನು ವರ್ಷಗಟ್ಟಲೆ ಕಾಡಿತು. 2000ದಲ್ಲಿ ಬಿಡುಗಡೆಯಾದ ಪರಿಷ್ಕೃತ ಆವೃತ್ತಿಯಲ್ಲಿ ಮೆಟ್ಟಿಲ ಮಾತುಕತೆಯನ್ನೂ ಡಯರ್ ಮತ್ತು ಪತ್ತೇದಾರ ಕಿಂಡರ್‌ಮನ್ ಗೆಳೆಯರಾಗುವ ಮುಕ್ತಾಯವನ್ನೂ ಮತ್ತೆ ಸೇರಿಸಲಾಯಿತು. ಆದರೆ ನಿರ್ಲಿಪ್ತವಾಗಿ ನೋಡಿದರೆ ಮೂಲದಲ್ಲಿ ಫ್ರೀಡ್ಕಿನ್ ಮಾಡಿದ್ದರಲ್ಲಿ ತಪ್ಪೇನಿರಲಿಲ್ಲ. ಮೆರಿನ್ ಬಾಯಲ್ಲಿ ಹೇಳಿಸಿದ ಮಾತನ್ನು ಮಿಲ್ಲರ್ ಮತ್ತು ಫಾನ್ ಸಿಡೋ ಸುಮ್ಮನೆ ಕುಳಿತ ಭಂಗಿಯೇ ಹೇಳಿತ್ತು. ತಾನು ಬರೆದ ಪಾತ್ರಕ್ಕೆ ಸರಿಯಾದ ನಟ ಸಿಕ್ಕಾಗ ಕಾದಂಬರಿಕಾರನ ಕೆಲವು ಸಾಲುಗಳು ಕೆಲಸ ಕಳೆದುಕೊಳ್ಳುತ್ತವೆ. ಬ್ಲ್ಯಾಟಿ ಅದನ್ನು ಒಪ್ಪಲು ಸಿದ್ಧರಿರಲಿಲ್ಲ.

ಇನ್ನೊಬ್ಬ ಕ್ರೈಸ್ತ ಕಾದಂಬರಿಕಾರ ಸಿ. ಎಸ್. ಲೂಯಿಸ್ ಅವರ ಅಳುಕು ಬೇರೆಯೇ ಬಗೆಯದು. ‘ನಾರ್ನಿಯಾ’ ಕಥೆಗಳಲ್ಲಿ ಕ್ರಿಸ್ತನ ಪ್ರತಿರೂಪವಾಗಿ ಬರುವ ಆಸ್ಲಾನ್ ಎಂಬ ಸಿಂಹದ ವೇಷವನ್ನು ಮನುಷ್ಯ ಹಾಕಿ ನಟಿಸುವುದು ತಮ್ಮ ಮಟ್ಟಿಗೆ ದೈವನಿಂದೆಯೆಂದು ಅವರು 1959ರಲ್ಲಿ ಬಿಬಿಸಿ ನಿರ್ಮಾಪಕರೊಬ್ಬರಿಗೆ ಬರೆದಿದ್ದರು; ರೇಡಿಯೊ ನಾಟಕಕ್ಕೆ ಅವರ ಆಕ್ಷೇಪವಿರಲಿಲ್ಲ. ಪವಿತ್ರವಾದದ್ದಕ್ಕೆ ಮೈ ಕೊಡಬಾರದೆಂಬುದು ಲೂಯಿಸ್ ನಿಲುವು. ಬ್ಲ್ಯಾಟಿಯವರಲ್ಲಿ ಪವಿತ್ರವಾದದ್ದು ತೆರೆಯ ಮೇಲೆ ಕಾಣಿಸಿಕೊಳ್ಳುವುದೇ ಅಪರೂಪ. ದೇವರು ಬರುವುದು ಒಬ್ಬ ದಣಿದ ಮನುಷ್ಯ ಮತ್ತೊಬ್ಬರಿಗಾಗಿ ಸಾಯುವ ಗಳಿಗೆಯಲ್ಲಷ್ಟೇ. ಆದ್ದರಿಂದಲೇ ನಟನ ಆಯ್ಕೆ ಅವರಿಗೆ ಧರ್ಮಶಾಸ್ತ್ರದ ಪ್ರಶ್ನೆಯಾಯಿತು.

ಈ ಮಾತಿಗೆ ಪುರಾವೆ ಬೇಕಾದರೆ ಅವರೇ ನಿರ್ದೇಶಿಸಿದ ‘ದ ನೈಂತ್ ಕಾನ್ಫಿಗರೇಷನ್’ (1980) ಚಿತ್ರ ನೋಡಬೇಕು. ಮತಿಭ್ರಮಣೆಗೊಂಡ ಸೈನಿಕರಿಗಾಗಿ ಕೋಟೆಯೊಂದರಲ್ಲಿ ನಡೆಸುವ ಆಸ್ಪತ್ರೆಗೆ ಬರುವ ಮನೋವೈದ್ಯ ಕೇನ್, ಚಂದ್ರಯಾನಕ್ಕೆ ಹೆದರಿ ಹಿಂದೆ ಸರಿದ ಗಗನಯಾತ್ರಿ ಕಟ್‌ಷಾ, ಇವರಿಬ್ಬರ ನಡುವಿನ ವಾಗ್ವಾದವೇ ಕಥೆ. ಮನುಷ್ಯ ಬರೀ ಪರಮಾಣುಗಳ ಗಂಟಾಗಿದ್ದರೆ ನಿಸ್ವಾರ್ಥ ತ್ಯಾಗ ಎಲ್ಲಿಂದ ಬಂತು ಎಂಬುದು ಇಲ್ಲಿನ ಪ್ರಶ್ನೆ; ‘ಎಕ್ಸಾರ್ಸಿಸ್ಟ್’ ಕೇಡಿನ ಒಗಟಾದರೆ ಇದು ಒಳಿತಿನ ಒಗಟು, ಹಾಗಾಗಿ ಬ್ಲ್ಯಾಟಿ ಇದನ್ನೇ ಅದರ ನಿಜವಾದ ಮುಂದುವರಿಕೆಯೆಂದು ಪರಿಗಣಿಸಿದ್ದರು. (ಜಾನ್ ಬೂರ್ಮನ್ ನಿರ್ದೇಶಿಸಿದ 1977ರ ಅಧಿಕೃತ ಎರಡನೇ ಭಾಗ ಅವರಿಗೆ ನಗು ತರಿಸಿತ್ತಂತೆ.) ಹಂಗೆರಿಯಲ್ಲಿ ಚಿತ್ರೀಕರಣಕ್ಕೆ ಇಳಿದ ಮೇಲೆ, ಕೇನ್ ಪಾತ್ರಕ್ಕೆ ಮೊದಲು ಆರಿಸಿದ್ದ ನಿಕೋಲ್ ವಿಲಿಯಮ್ಸನ್ ಹೊಂದುವುದಿಲ್ಲವೆಂದು ಕಂಡು ಅವರ ಜಾಗಕ್ಕೆ ಕರೆಸಿದ್ದು ಮತ್ತಾರನ್ನೂ ಅಲ್ಲ, ಹಿಂದೆ ಕ್ಯಾರಸ್ ಪಾತ್ರವನ್ನು ಕಳೆದುಕೊಂಡಿದ್ದ ಸ್ಟೇಸಿ ಕೀಚ್ ಅವರನ್ನು. ಕ್ಯಾರಸ್ ಆಗಿದ್ದ ಮಿಲ್ಲರ್ ಇಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ನಾಯಿಗಳಿಂದ ಆಡಿಸಲು ಹೊರಟ ಹುಚ್ಚನಾಗಿ ನಗಿಸುತ್ತಾರೆ. ಕೀಚ್ ಅವರ ಕಲ್ಲಿನಂಥ ಶಾಂತಿ, ಅದರಡಿ ಅದುಮಿಟ್ಟ ಹಿಂಸೆ ಕೇನ್‌ಗೆ ಎಷ್ಟು ಒಪ್ಪುತ್ತದೆಂದರೆ, ಅದೇ ಗುಣ ಕ್ಯಾರಸ್‌ಗೆ ಯಾಕೆ ಒಪ್ಪುತ್ತಿರಲಿಲ್ಲ ಎಂಬುದೂ ತಾನಾಗಿ ಅರ್ಥವಾಗುತ್ತದೆ. ಕ್ಯಾರಸ್‌ಗೆ ಬಿರುಕುಗಳು ಹೊರಗೆ ಕಾಣಬೇಕಿತ್ತು.

ಬ್ಲ್ಯಾಟಿ ತಮ್ಮದೇ ‘ಲೀಜನ್’ (1983) ಕಾದಂಬರಿಯನ್ನು ಆಧರಿಸಿ ನಿರ್ದೇಶಿಸಿದ ‘ದಿ ಎಕ್ಸಾರ್ಸಿಸ್ಟ್ III’ (1990) ಹೊತ್ತಿಗೆ ಮುಖಗಳ ಈ ಜಗ್ಗಾಟ ತಾರಕಕ್ಕೇರಿತು. ಕಿಂಡರ್‌ಮನ್ ಆಗಿದ್ದ ಲೀ ಜೆ. ಕಾಬ್ 1976ರಲ್ಲೇ ತೀರಿಕೊಂಡಿದ್ದರಿಂದ ಆ ಪಾತ್ರ ಜಾರ್ಜ್ ಸಿ. ಸ್ಕಾಟ್ ಅವರಿಗೆ ಹೋಯಿತು. ಸ್ವರ್ಗವನ್ನು ರೈಲು ನಿಲ್ದಾಣವಾಗಿ ಕಾಣುವ ಕನಸಿನಲ್ಲಿ ಸಾವಿನ ದೇವದೂತನಾಗಿ ಬಂದವರು ಜಾರ್ಜ್‌ಟೌನ್ ತಂಡದಲ್ಲಿ ಆಡಿ ಹೆಸರಾದ ಬ್ಯಾಸ್ಕೆಟ್‌ಬಾಲ್ ತಾರೆ ಪ್ಯಾಟ್ರಿಕ್ ಯೂಯಿಂಗ್. ಹಳೆಯ ವಿದ್ಯಾರ್ಥಿಯ ಚೇಷ್ಟೆ ಇದು. ಕ್ಯಾರಸ್‌ನ ದೇಹದಲ್ಲಿ ಸೇರಿಕೊಂಡ ಹಂತಕನಾಗಿ ಬ್ರ್ಯಾಡ್ ಡೂರಿಫ್ ಅವರನ್ನಿಟ್ಟು ಚಿತ್ರ ಪೂರೈಸಿದ್ದೂ ಆಗಿತ್ತು. ಆಗ ಮಾರ್ಗನ್ ಕ್ರೀಕ್ ಸಂಸ್ಥೆ, ಹೆಸರಲ್ಲಿ ಭೂತೋಚ್ಚಾಟನೆಯಿರುವ ಚಿತ್ರದಲ್ಲಿ ಅದು ಇರಲೇಬೇಕು, ಹಳೆಯ ಚಿತ್ರದ ಮುಖವೂ ಬೇಕು ಎಂದು ಹಟ ಹಿಡಿಯಿತು. ಮಿಲ್ಲರ್ ಮರಳಿದರು, ಕೇನ್ ಪಾತ್ರ ತಪ್ಪಿದ್ದ ವಿಲಿಯಮ್ಸನ್, ಫಾದರ್ ಮಾರ್ನಿಂಗ್ ಎಂಬ ಹೊಸ ಪಾದ್ರಿಯಾಗಿ ಬಂದರು, ಡೂರಿಫ್ ಅವರನ್ನೂ ಮತ್ತೆ ಕರೆಸಿ, ಒಂದೇ ಪಾತ್ರವನ್ನು ಇಬ್ಬರಿಗೂ ಹಂಚಲಾಯಿತು. ಕಿಂಡರ್‌ಮನ್ ತನ್ನ ಗೆಳೆಯ ಕ್ಯಾರಸ್‌ನನ್ನು ಕಾಣುವಾಗ ಮಿಲ್ಲರ್, ಹಂತಕ ಮಾತಾಡುವಾಗ ಡೂರಿಫ್.

ಹಟದಿಂದ ತುರುಕಿದ ಭೂತೋಚ್ಚಾಟನೆಯ ದೃಶ್ಯ ಚಿತ್ರಕ್ಕೆ ಅಂಟದೆ ಉಳಿದಿದೆ. ಆಸ್ಪತ್ರೆಯ ಉದ್ದನೆಯ ಓಣಿಯನ್ನು ಕ್ಯಾಮೆರಾ ಕದಲಿಸದೆ ದೂರದಿಂದ ನೋಡುತ್ತಲೇ ನಡುಕ ಹುಟ್ಟಿಸುವ ಬ್ಲ್ಯಾಟಿಯವರ ದೃಶ್ಯದ ಮುಂದೆ ಅದರ ಬೆಂಕಿ, ಬಿರುಗಾಳಿಗಳೆಲ್ಲ ಪೇಲವ. ಮಿಲ್ಲರ್ ವಿಷಯದಲ್ಲಿ ಮಾತ್ರ ಸಂಸ್ಥೆಯ ಲೆಕ್ಕಾಚಾರ ತನಗೆ ಗೊತ್ತಿಲ್ಲದೆಯೇ ಲೇಖಕರಿಗೆ ಉಪಕಾರ ಮಾಡಿತು. ಮಗುವಿಗಾಗಿ ಪ್ರಾಣ ಕೊಟ್ಟವನ ಮುಖವನ್ನೇ ಕೇಡು ತೊಟ್ಟುಕೊಂಡು ಕುಳಿತಿದೆಯೆಂಬ ನೋವು, ಆ ಮುಖ ಎದುರಿಗೆ ಬಂದಾಗಲಷ್ಟೇ ಪ್ರೇಕ್ಷಕನಿಗೆ ತಟ್ಟುತ್ತದೆ. ಮೊದಲ ಚಿತ್ರೀಕರಣದ ಫಿಲ್ಮು ಸಿಗದೆ, ಉಳಿದಿದ್ದ ವಿಡಿಯೊ ಟೇಪುಗಳ ಮಬ್ಬು ತುಣುಕುಗಳನ್ನು ಜೋಡಿಸಿ ಬ್ಲ್ಯಾಟಿಯವರ ಮೂಲ ಕಲ್ಪನೆಗೆ ಹತ್ತಿರವಾದ ಆವೃತ್ತಿಯೊಂದನ್ನು 2016ರಲ್ಲಿ ಹೊರತರಲಾಯಿತು. ಕೆಲವೇ ತಿಂಗಳಲ್ಲಿ, 2017ರ ಜನವರಿ 12ರಂದು, ಅವರು ತೀರಿಕೊಂಡರು. ಆ ಆವೃತ್ತಿಯಲ್ಲಿ ಭೂತೋಚ್ಚಾಟನೆಯಿಲ್ಲ, ಫಾದರ್ ಮಾರ್ನಿಂಗ್ ಇಲ್ಲ, ಮಿಲ್ಲರ್ ಕೂಡ ಇಲ್ಲ. ಬರಹಗಾರ ಬ್ಲ್ಯಾಟಿಯನ್ನು ಅರಿಯಬೇಕಾದವರು ಈ ಆವೃತ್ತಿಯನ್ನು ನೋಡಬೇಕು. ಅವರ ವಾದಕ್ಕೆ ಎಂಥ ಮುಖ ಬೇಕಿತ್ತೆಂದು ತಿಳಿಯಬೇಕಾದವರಿಗೆ ಮಾತ್ರ 1990ರ ಆ ಕೆಟ್ಟುಹೋದ ಚಿತ್ರವೇ ಹೆಚ್ಚು ಹೇಳುತ್ತದೆ.